ಆ ಮಾತು ಯಾರ ದನಿಯಲ್ಲಿ ಬಂತು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೈದರಾಬಾದಿನಲ್ಲಿ ಓದುತ್ತಿರುವ ನಮ್ಮ ಮಕ್ಕಳವು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಬಂದು ಗಚ್ಚಿಬೌಲಿ, ತಾರ್ನಾಕ, ಕೂಕಟ್‌ಪಲ್ಲಿಯ ಹಾಸ್ಟೆಲ್, ಪಿ.ಜಿ.ಗಳಲ್ಲಿ ಇರುವವರು. ಒಂದೆರಡು ಅವರ ಮನೆಯವರವು. ಹೆಸರು, ಕಾಲೇಜು, ಗುರುತು ಸಿಗುವ ವಿವರ ಎಲ್ಲ ತೆಗೆದಿದ್ದೇನೆ.

ಪ್ರಶ್ನೆ: ಮೇಡಂ, ನಾನು ಬೀದರ್ ಜಿಲ್ಲೆಯ ಹಳ್ಳಿಯವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಈಗ ಇಲ್ಲಿ ಎಂ.ಎಸ್ಸಿ. ಓದ್ತಿದ್ದೀನಿ. ಎರಡು ತಿಂಗಳ ಹಿಂದೆ ನನ್ನ ಸೆಮಿನಾರ್ ಇತ್ತು. ಮಾತಾಡ್ತಾ ಮಾತಾಡ್ತಾ ಒಂದು ಶಬ್ದ ಸಿಗದೆ ನಿಂತುಬಿಟ್ಟೆ. ಹಿಂದಿನ ಬೆಂಚಿನ ಇಬ್ಬರು ನಕ್ಕರು. ಅಂದಿನಿಂದ ಕ್ಲಾಸಿನಲ್ಲಿ ಬಾಯಿ ಬಿಟ್ಟಿಲ್ಲ. ಮೆಸ್ಸಿಗೂ ಎಲ್ಲರ ಊಟ ಮುಗಿದ ಮೇಲೆ ಹೋಗ್ತೀನಿ. ಈ ಸೀಟು ನನಗೆ ತಪ್ಪಿ ಸಿಕ್ಕಿದೆ, ಒಂದಲ್ಲ ಒಂದು ದಿನ ಎಲ್ಲರಿಗೂ ಗೊತ್ತಾಗ್ತದೆ ಅನ್ನಿಸ್ತದೆ. 'ನಿನ್ನ ಕೈಲಿ ಆಗಂಗಿಲ್ಲ' ಅಂತ ತಲೆಯೊಳಗೆ ಒಂದೇ ಸಮ ನಡೆದಿರ್ತದೆ. ಇದು ಹುಚ್ಚಿನ ಲಕ್ಷಣವಾ?

ಉತ್ತರ: ಅಲ್ಲ ತಂಗಿ, ಹುಚ್ಚಿನ ಲಕ್ಷಣವಲ್ಲ. ದೂರದಿಂದ ಏರಿ ಬಂದ ಮನಸ್ಸು ಹೊಸ ಜಾಗದಲ್ಲಿ ಹೀಗೆ ಮಾತಾಡುವುದನ್ನು ನಾನು ವಾರಕ್ಕೆ ನಾಲ್ಕೈದು ಸಲ ಕೇಳುತ್ತೇನೆ. ಹಾಗಂತ ಹಗುರಾಗಿ ತೆಗೆದುಕೊಳ್ಳುವುದೂ ಇಲ್ಲ. ಊಟದ ಹೊತ್ತು ಬದಲಾಗಿದೆ ಅಂದರೆ ಆ ಮಾತು ತಲೆಯಿಂದ ಇಳಿದು ನಿನ್ನ ದಿನಕ್ಕೇ ಕೈ ಹಾಕಿದೆ.

ನಿನ್ನ ಪತ್ರದಲ್ಲಿ 'ಆಗಂಗಿಲ್ಲ' ಅನ್ನುವ ಪದದ ಮೇಲೆ ನನ್ನ ಕಣ್ಣು ನಿಂತಿತು. ಸೆಮಿನಾರ್ ನಡೆದದ್ದು ಇಂಗ್ಲಿಷಿನಲ್ಲಿ. ಹಾಸ್ಟೆಲ್ಲಿನಲ್ಲಿ ನಿಮ್ಮ ನಡುವಿನ ಮಾತು ಹಿಂದಿ, ಕಾರಿಡಾರಿನಲ್ಲಿ ಕಿವಿಗೆ ಬೀಳುವುದು ತೆಲುಗು. ತೀರ್ಪು ಮಾತ್ರ ಬೀದರಿನ ಕನ್ನಡದಲ್ಲಿ ಬಂದಿದೆ. ನಕ್ಕ ಆ ಇಬ್ಬರಿಗೆ ಕನ್ನಡ ಬರುತ್ತದೆಯಾ? ಬರಲಾರದು. ಹಾಗಾದರೆ ಇದು ಅವರ ಮಾತಲ್ಲ. ಬಹಳ ಹಿಂದೆ ಯಾರೋ ನಿನಗೆ ಹೇಳಿದ್ದು. ಅದು ಒಳಗೆ ಮಲಗಿತ್ತು, ಅವರ ನಗು ಅದನ್ನು ಎಬ್ಬಿಸಿತು. ನನ್ನ ಹತ್ತಿರ ಬರುವ ಮಕ್ಕಳಿಗೆಲ್ಲ ನಾನು ಮೊದಲು ಕೇಳುವುದು ಇದನ್ನೇ: ಆ ಮಾತು ಯಾವ ಭಾಷೆಯಲ್ಲಿ ಬಂತು, ಯಾರ ದನಿಯಲ್ಲಿ ಬಂತು? ಕೆಲವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, 'ನಮ್ಮ ದೊಡ್ಡಪ್ಪನ ದನಿ' ಅನ್ನುತ್ತಾರೆ. ನನ್ನೊಳಗಿನದು ಆರನೇ ಇಯತ್ತೆಯ ಒಬ್ಬ ಮಾಸ್ತರರದು. ಕರಿಹಲಗೆಯ ಮುಂದೆ ನಿಲ್ಲಿಸಿ, 'ಇದರ ತಲಿಯೊಳಗ ಏನೂ ಇಳಿಯಂಗಿಲ್ಲ' ಅಂದಿದ್ದರು. ನಲವತ್ತು ವರ್ಷ ಆಯಿತು. ಇವತ್ತಿಗೂ ದೊಡ್ಡ ಸಭೆಯಲ್ಲಿ ಎದ್ದು ನಿಂತಾಗ ಆ ಮಾತು ಬರುತ್ತದೆ. ಬಂದಾಗ, 'ಮಾಸ್ತರರು ಬಂದರು' ಅಂದುಕೊಂಡು ನನ್ನ ಮಾತು ಮುಂದುವರಿಸುತ್ತೇನೆ. ನಮ್ಮದೇ ದನಿ ಅಂತ ನಂಬಿರುವಷ್ಟು ದಿನ ಅದಕ್ಕೆ ಎದುರಾಡಲು ಆಗುವುದಿಲ್ಲ. ಇನ್ನೊಬ್ಬರದು ಅಂತ ಗೊತ್ತಾದ ಮೇಲೆ ಬಾಯಿ ಬರುತ್ತದೆ.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಖಿನ್ನತೆಯ ರೋಗಿಗಳ ಜೊತೆ ಕೂತಾಗ ಗಮನಿಸಿದ್ದು ಇದೇ ಒಳಮಾತನ್ನು. ಬಾಯಲ್ಲಿ ಹೇಳುವ ಮಾತಿನ ಪಕ್ಕದಲ್ಲೇ ಇನ್ನೊಂದು ಸಾಲು ಸದ್ದಿಲ್ಲದೆ ಓಡುತ್ತಿರುತ್ತದೆ. ಕರೆಯದೆ ಬರುತ್ತದೆ, ಥಟ್ಟನೆ ಬರುತ್ತದೆ, ಬಂದದ್ದೇ ನಿಜ ಅನ್ನಿಸುತ್ತದೆ. ನಾನು ಸರಿಯಿಲ್ಲ, ಸುತ್ತಲಿನವರು ಸರಿಯಿಲ್ಲ, ಮುಂದೆಯೂ ಸರಿಹೋಗುವುದಿಲ್ಲ ಅಂತ ಮೂರೂ ದಿಕ್ಕಿಗೆ ಹೊಡೆಯುತ್ತದೆ. ಆ ಸಾಲನ್ನು ಹಿಡಿದು ನಿಲ್ಲಿಸಿ, ಕಾಗದದ ಮೇಲೆ ಇಳಿಸಿ, ಸಾಕ್ಷಿ ಕೇಳುವ ವಿಧಾನವನ್ನು ಬೆಕ್ ಬೆಳೆಸಿದರು. 2021ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು. ನಾವು ಆಪ್ತಸಮಾಲೋಚಕರು ಇವತ್ತಿಗೂ ಮಾಡುವುದು ಹೆಚ್ಚು ಕಡಿಮೆ ಅದನ್ನೇ.

ನೀನೂ ಮಾಡು. ಲಾಂಗ್ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದರೆ ಮೂರು ಕಾಲಂ ಆಗುತ್ತವೆ. ಮೊದಲನೆಯದರಲ್ಲಿ ಗೋಡೆಯ ಮೇಲಿನ ಕ್ಯಾಮೆರಾ ಕಂಡಷ್ಟೇ ಬರೆ: 'ಮಾತಾಡುತ್ತ ನಿಂತೆ. ಇಬ್ಬರು ನಕ್ಕರು. ಆಮೇಲೆ ಉಳಿದ ಸ್ಲೈಡ್ ಮುಗಿಸಿದೆ.' (ಮುಗಿಸಿದ್ದೀಯ ತಾನೆ? ಪತ್ರದಲ್ಲಿ ಆ ಮಾತೇ ಇಲ್ಲ. ಸೋತ ಗಳಿಗೆ ನೆನಪಿದೆ, ಮುಗಿಸಿದ ಗಳಿಗೆ ಬಿಟ್ಟುಹೋಗಿದೆ.) ಎರಡನೆಯದರಲ್ಲಿ ಮನಸ್ಸು ಹೇಳಿದ್ದನ್ನು ಅದು ಬಂದ ಭಾಷೆಯಲ್ಲೇ ಬರೆ: 'ಎಲ್ಲಾರೂ ನಕ್ಕರು. ಎಲ್ಲಾರಿಗೂ ಗೊತ್ತಾತು. ನನ್ನ ಕೈಲಿ ಆಗಂಗಿಲ್ಲ.' ಇಂಗ್ಲಿಷಿಗೆ ತಿರುಗಿಸಬೇಡ. ತಿರುಗಿಸಿದರೆ ಅದು ಪರೀಕ್ಷೆಯ ಉತ್ತರದ ಹಾಗೆ ಕಾಣುತ್ತದೆ, ಚುಚ್ಚಿದ ಮುಳ್ಳು ಒಳಗೇ ಉಳಿಯುತ್ತದೆ. ಮೂರನೆಯದರಲ್ಲಿ ಮೊದಲೆರಡರ ನಡುವಿನ ಅಂತರ ಬರೆ. ಕ್ಯಾಮೆರಾ ಕಂಡದ್ದು ಇಬ್ಬರನ್ನು, ಮನಸ್ಸು ಎಣಿಸಿದ್ದು ಎಲ್ಲರನ್ನು. ಅವರು ಯಾಕೆ ನಕ್ಕರು ಅನ್ನುವುದು ಕ್ಯಾಮೆರಾಕ್ಕೆ ಗೊತ್ತಿಲ್ಲ, ನಿನ್ನ ಮನಸ್ಸಿಗೆ ಕೇಳದೆಯೇ ಗೊತ್ತಾಗಿದೆ. ಒಂದು ದಿನಕ್ಕೆ ಒಂದೇ ಘಟನೆ ಸಾಕು. ಹತ್ತು ಹಾಳೆ ತುಂಬಿದ ಮೇಲೆ ನಿನ್ನ ಮನಸ್ಸು ಸದಾ ಒಂದೇ ಜಾಗದಲ್ಲಿ ಲೆಕ್ಕ ತಪ್ಪುವುದು ನಿನಗೇ ಕಾಣುತ್ತದೆ.

ಸೀಟು ತಪ್ಪಿ ಸಿಕ್ಕಿದೆ ಅನ್ನುವ ಭಾವಕ್ಕೂ ಒಂದು ಇತಿಹಾಸವಿದೆ. 1978ರಲ್ಲಿ ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಓದಿನಲ್ಲಿ ಬಹಳ ಮುಂದಿದ್ದ ಹೆಂಗಸರಲ್ಲೇ ಇದನ್ನು ಕಂಡು ಬರೆದರು. ಎಷ್ಟೇ ಗೆದ್ದರೂ 'ಅದೃಷ್ಟ, ಯಾರದೋ ಕಣ್ತಪ್ಪು' ಅನ್ನುವವರು. ಅಂದರೆ ಈ ಭಾವ ದಡ್ಡತನದ ಗುರುತಲ್ಲ. ಅಷ್ಟೇ ಅಲ್ಲ, ನೀನು ಓದುತ್ತಿರುವ ನಗರಕ್ಕೆ ನಿನ್ನ ಜಿಲ್ಲೆಯವರು ಹೊಸಬರೂ ಅಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಆಗ ಪಾಠ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಿದ್ದ ಹುಡುಗರು ಉರ್ದುವಿನಲ್ಲಿ ಪಾಠ ಕೇಳಿದರು, ಉರ್ದುವಿನಲ್ಲಿ ಪರೀಕ್ಷೆ ಬರೆದರು. ಅವರೂ ಶಬ್ದ ಸಿಗದೆ ಎಷ್ಟೋ ಸಲ ನಿಂತಿರಬೇಕು. ನಾಲ್ಕನೇ ಭಾಷೆಯಲ್ಲಿ ವಿಜ್ಞಾನ ಹೇಳುತ್ತಿರುವವಳು ಒಂದು ಶಬ್ದಕ್ಕೆ ತಡವರಿಸಿದ್ದು ಭಾಷೆಯ ತೊಡಕು, ಬುದ್ಧಿಯದ್ದಲ್ಲ. ಭಾಷೆಯ ತೊಡಕಿಗೆ ಮದ್ದು ಅಭ್ಯಾಸ.

ಈ ವಾರ ಎರಡೇ ಕೆಲಸ ಮಾಡು. ಮೆಸ್ಸಿಗೆ ಎಲ್ಲರ ಹೊತ್ತಿಗೇ ಹೋಗು. ಜೊತೆಗೆ ರೂಮಿನವಳನ್ನು ಕರೆದುಕೋ, ಬೇಕಾದರೆ ಮೂಲೆಯ ಟೇಬಲ್ಲಿನಲ್ಲಿ ಕೂತುಕೋ. ಹೋಗುವ ಮೊದಲು ಹಾಳೆಯಲ್ಲಿ ಬರೆ: 'ಎಷ್ಟು ಜನ ನನ್ನನ್ನು ನೋಡಿ ನಗ್ತಾರೆ?' ಬಂದ ಮೇಲೆ ಎಣಿಸಿದ್ದನ್ನು ಅದರ ಪಕ್ಕದಲ್ಲಿ ಬರೆ. ಇನ್ನೊಂದು, ಒಂದು ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳು. ಮೊದಲೇ ಬರೆದಿಟ್ಟುಕೊಂಡು, ನೋಡಿಕೊಂಡೇ ಓದು. ನೋಡಿ ಓದಿದರೆ ತಪ್ಪೇನಿಲ್ಲ.

ಪ್ರಶ್ನೆ: ರಾಯಚೂರು ಜಿಲ್ಲೆಯವನ್ರಿ ಮೇಡಂ. ಬಿ.ಟೆಕ್ ಕೊನೇ ವರ್ಷ. ಒಂದು ಬ್ಯಾಕ್‌ಲಾಗ್ ಅದ, ಅದಕ್ಕ ಎರಡು ಕಂಪನಿ ಪ್ಲೇಸ್‌ಮೆಂಟಿಗೆ ಕೂಡಲಿಕ್ಕೇ ಬಿಡಲಿಲ್ಲ. ಅಪ್ಪ ಹತ್ತಿ ಬೆಳೀತಾರ. ನನ್ನ ಫೀಸಿಗೆ ಬ್ಯಾಂಕ್ ಲೋನ್ ಅಲ್ಲದೆ ಹೊರಗೂ ಸಾಲ ಮಾಡ್ಯಾರ. ರಾತ್ರಿ ಎರಡಕ್ಕ ಎಚ್ಚರ ಆದರ ಮತ್ತ ನಿದ್ದಿ ಇಲ್ಲ. ಕೆಲಸ ಸಿಗಲಿಲ್ಲ ಅಂದ್ರ ಎಲ್ಲಾ ಮುಗೀತು. ನಾನು ಮನಿಗೆ ಭಾರ. ಪಾಸಿಟಿವ್ ಆಗಿ ಯೋಚನೆ ಮಾಡೂದು ಹ್ಯಾಂಗ, ಹೇಳ್ರಿ.

ಉತ್ತರ: ತಮ್ಮಾ, ನಿನ್ನ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಬ್ಯಾಕ್‌ಲಾಗ್ ಅಲ್ಲ, 'ಮನಿಗೆ ಭಾರ' ಅನ್ನುವ ಮಾತು. ನನ್ನ ವೃತ್ತಿಯಲ್ಲಿ ಇರುವವರು ಈ ಮಾತು ಕೇಳಿದ ಕೂಡಲೇ ಪೆನ್ನು ಕೆಳಗಿಡಬೇಕು. ಪತ್ರದ ಕೊನೆಯಲ್ಲಿ ನಿನ್ನ ನಂಬರ್ ಇತ್ತು, ಅವತ್ತೇ ಮಾತಾಡಿದೆವು. 'ಸಾಯಬೇಕು ಅನ್ನುವ ಯೋಚನೆ ಬಂದಿದೆಯಾ?' ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದ ಮೇಲೆ ಎದುರಿನವರ ಉಸಿರು ಸಡಿಲವಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಮ್ಮ ನಡುವೆ ಮುಂದಿನ ಮಾತು ಏನಾಯಿತು ಎಂಬುದು ಇಲ್ಲಿ ಬೇಡ. ನಿನ್ನ ಒಪ್ಪಿಗೆಯಿಂದ ಇಷ್ಟನ್ನು ಬರೆಯುತ್ತಿರುವುದು, ಇದೇ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಯಾರಿಗೂ ಪತ್ರ ಬರೆಯದವರಿಗಾಗಿ. ದೇಶದಲ್ಲಿ 2022ನೇ ಒಂದೇ ವರ್ಷದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ಅಂಥ ಯೋಚನೆ ಬರುತ್ತಿದ್ದರೆ ನಾಳೆಗೆ ಇಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಆರಿಸಿಕೊಳ್ಳುವ ಭಾಷೆಗಳಲ್ಲಿ ಕನ್ನಡವೂ ಇದೆ. ಪಕ್ಕದ ರೂಮಿನವರನ್ನು ಎಬ್ಬಿಸಿ. ಆ ರಾತ್ರಿ ಒಬ್ಬರೇ ಇರಬೇಡಿ.

ಈಗ ನಿನ್ನ 'ಎಲ್ಲಾ ಮುಗೀತು'. ಇದರಲ್ಲಿ ಎರಡು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ. ಸಾಲ ನಿಜ, ಬ್ಯಾಕ್‌ಲಾಗ್ ನಿಜ. ಯೋಚನೆ ಬದಲಿಸಿಕೊಂಡರೆ ಸಾಲ ತೀರುತ್ತದೆ ಅಂತ ನಾನು ಹೇಳಲಾರೆ, ಹಾಗೆ ಹೇಳುವವರನ್ನು ನಂಬಲೂ ಬೇಡ. ಆದರೆ ಸಾಲಕ್ಕೆ ತಾರೀಕು, ಕಂತು, ಮಾತಾಡಬೇಕಾದ ಮನುಷ್ಯ ಇರುತ್ತಾರೆ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಶುರುವಾಗುತ್ತದೆ. ನಿನ್ನ ಬ್ಯಾಂಕಿಗೆ ಹೋಗಿ ನಿನ್ನ ಕಂತು ಯಾವ ತಿಂಗಳಿಂದ ಅಂತ ಕೇಳಿ, ಆ ತಿಂಗಳ ಹೆಸರನ್ನು ಬರೆದಿಟ್ಟುಕೋ. ಬ್ಯಾಕ್‌ಲಾಗಿಗೂ ಪರೀಕ್ಷೆಯ ತಾರೀಕು ಇದೆ. 'ಮುಗೀತು' ಅನ್ನುವುದಕ್ಕೆ ಮಾತ್ರ ತಾರೀಕಿಲ್ಲ, ಕಂತಿಲ್ಲ. ಅದು ಮನಸ್ಸು ಮೇಲಿಂದ ಸೇರಿಸಿದ ಬಡ್ಡಿ.

ಅಂಕವೇ ಮನುಷ್ಯನ ಬೆಲೆ ಅನ್ನುವವರಿಗೆ ನಾನು ಈ ರಾಜ್ಯದ್ದೇ ಒಂದು ಘಟನೆ ನೆನಪಿಸುತ್ತೇನೆ. 2019ರ ಏಪ್ರಿಲ್‌ನಲ್ಲಿ ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶ ಬಂದಾಗ ತಪ್ಪುಗಳ ರಾಶಿಯೇ ಹೊರಬಿತ್ತು. ಒಬ್ಬ ಹುಡುಗಿಗೆ ತೆಲುಗಿನಲ್ಲಿ ಬಂದದ್ದು ಸೊನ್ನೆ. ಮತ್ತೆ ತೆಗೆದು ನೋಡಿದರೆ 99. ಆ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡರು. ಒಂದು ಸಾವಿಗೆ ಒಂದೇ ಕಾರಣ ಅಂತ ಹೇಳಲಾಗದು, ನಾನು ಹೇಳುವುದೂ ಇಲ್ಲ. ಆದರೆ ಆ ಸೊನ್ನೆಯನ್ನು ನೆನೆದಾಗಲೆಲ್ಲ ನನ್ನ ಕರುಳು ಹಿಂಡುತ್ತದೆ. ಹದಿನೇಳು ವರ್ಷದ ಮಗು ಅಂಕಪಟ್ಟಿಯನ್ನು ಅನುಮಾನಿಸುವ ಮೊದಲು ತನ್ನನ್ನೇ ಅನುಮಾನಿಸಿಕೊಳ್ಳುವಂತೆ ನಾವು ಬೆಳೆಸಿದ್ದೇವೆ.

ಇನ್ನು ರಾತ್ರಿ ಎರಡು ಗಂಟೆಯ ಮಾತು. ಎಮ್ಮೆ ಮೆಲುಕು ಹಾಕಿದರೆ ಬೆಳಿಗ್ಗೆ ಹಾಲು ಕೊಡುತ್ತದೆ. ಮನಸ್ಸು ಮೆಲುಕು ಹಾಕಿದರೆ ಬೆಳಿಗ್ಗೆ ಉಳಿಯುವುದು ಆಯಾಸ. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ಬದುಕಿನ ಬಹುಪಾಲು ಇದನ್ನೇ ಅಧ್ಯಯನ ಮಾಡಿದರು. ಬೇಸರವಾದಾಗ 'ಯಾಕೆ ಹೀಗಾಯಿತು, ಯಾಕೆ ನನಗೇ' ಅಂತ ತಿರುವಿ ತಿರುವಿ ಯೋಚಿಸುವವರಲ್ಲಿ ಖಿನ್ನತೆ ಆಳವಾಗುತ್ತದೆ, ಬೇಗ ಇಳಿಯುವುದೂ ಇಲ್ಲ. ಮೋಸ ಏನೆಂದರೆ, ಹಾಗೆ ಯೋಚಿಸುವಾಗ ಸಮಸ್ಯೆ ಬಿಡಿಸುತ್ತಿದ್ದೇನೆ ಅಂತಲೇ ಅನ್ನಿಸುತ್ತದೆ. ಹಾಸಿಗೆಯಲ್ಲಿ ಎಚ್ಚರವಾಗಿ ಇಪ್ಪತ್ತು ನಿಮಿಷ ಆದರೂ ನಿದ್ದೆ ಬಾರದಿದ್ದರೆ ಎದ್ದು ಕೂತುಕೋ. ಫೋನ್ ಮುಟ್ಟಬೇಡ. ಬಂದ ಯೋಚನೆಯನ್ನು ಒಂದು ಸಾಲಿನಲ್ಲಿ ಬರೆದು, 'ನಾಳೆ ಸಂಜೆ ಆರಕ್ಕೆ' ಅಂತ ಪಕ್ಕದಲ್ಲಿ ಹಾಕು. ಸಂಜೆ ಆರಕ್ಕೆ ಇಪ್ಪತ್ತು ನಿಮಿಷ ಕೂತು ಆ ಚೀಟಿಗಳನ್ನು ಓದು. ಏನಾದರೂ ಮಾಡುವಂಥದ್ದಿದ್ದರೆ ಮಾಡು, ಇಲ್ಲದಿದ್ದರೆ ಹರಿದು ಹಾಕು. ಮತ್ತೆ, ರಾತ್ರಿ ಹನ್ನೊಂದಕ್ಕೆ ಗೆಳೆಯರ ಜೊತೆ ಕುಡಿಯುವ ಇರಾನಿ ಚಹಾ ಬಿಡು. ಗೆಳೆಯರನ್ನು ಬಿಡಬೇಡ.

ಕೊನೆಗೆ ಒಂದು ಕೇಳಬೇಕು. ಅಪ್ಪನಿಗೆ ಬ್ಯಾಕ್‌ಲಾಗ್ ವಿಷಯ ಹೇಳಿಲ್ಲ ಅಂದೆ. ದಿನಾ ಸಂಜೆ ಫೋನಿನಲ್ಲಿ 'ಆರಾಮ ಇದ್ದೀನಿ' ಅನ್ನುತ್ತೀಯ. ನೀನು ಭಾರ ಅಂತ ಅಪ್ಪ ಯಾವತ್ತಾದರೂ ಅಂದಿದ್ದಾರಾ? ಅವರ ಪರವಾಗಿ ನೀನೇ ಉತ್ತರ ಬರೆದುಕೊಂಡಿದ್ದೀಯ. ಈ ಭಾನುವಾರ ಅವರಿಗೇ ಕೇಳು.

ಪ್ರಶ್ನೆ: ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು 'ನಾನು ಗೆಲ್ಲುತ್ತೇನೆ, ನನಗೆ ಭಯವಿಲ್ಲ' ಅಂತ 21 ಸಲ ಹೇಳುತ್ತಿದ್ದೇನೆ. ಕೆಟ್ಟ ಯೋಚನೆ ಬಂದ ಕೂಡಲೇ ತಳ್ಳಿಬಿಡುತ್ತೇನೆ. ಆದರೂ ಹೆಚ್ಚಾಗುತ್ತಿದೆ.

ಉತ್ತರ: ಮಂಗನನ್ನು ನೆನೆಯದೆ ಔಷಧ ಕುಡಿ ಅಂದ ವೈದ್ಯನ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಅಮೆರಿಕದಲ್ಲಿ ಅದನ್ನೇ ಪ್ರಯೋಗ ಮಾಡಿ ತೋರಿಸಿದರು. ಅವರದು ಮಂಗನಲ್ಲ, ಬಿಳಿ ಕರಡಿ. ನೆನೆಯಬೇಡಿ ಅಂದಷ್ಟೂ ಅದು ಬಂತು. ತಳ್ಳುವುದು ಬಿಡಿ. 'ಭಯವಿಲ್ಲ' ಅಂತ ಮನಸ್ಸಿಗೆ ಸುಳ್ಳು ಹೇಳಿದರೆ ಅದು ನಂಬುವುದಿಲ್ಲ, 'ಇದೆಯಲ್ಲ' ಅಂತ ಎದುರು ನಿಲ್ಲುತ್ತದೆ. ನಿಜವಾದ ಸಣ್ಣ ವಾಕ್ಯ ಹೇಳಿ: 'ಭಯ ಇದೆ, ಆದರೂ ಹತ್ತು ಗಂಟೆಗೆ ಲೈಬ್ರರಿಗೆ ಹೋಗ್ತೀನಿ.' ಒಂದು ಸಲ ಸಾಕು. ಹೇಳಿದ ಮೇಲೆ ಹೋಗಿ.

ಪ್ರಶ್ನೆ: ನಾನು ಪಿ.ಎಚ್‌ಡಿ. ವಿದ್ಯಾರ್ಥಿ. ನಮ್ಮ ಕೇರಿಯಿಂದ ಇಲ್ಲಿಯವರೆಗೆ ಬಂದ ಮೊದಲನೆಯವನು. ಮೂರು ತಿಂಗಳಿಂದ ನನ್ನ ಅಧ್ಯಾಯ ಗೈಡ್ ಮೇಜಿನ ಮೇಲೇ ಇದೆ. ಉಳಿದವರದು ಹದಿನೈದು ದಿನದಲ್ಲಿ ವಾಪಸ್ ಬರುತ್ತದೆ. ಕೇಳಿದ್ದಕ್ಕೆ, 'ಕೋಟಾದಲ್ಲಿ ಬಂದವರಿಗೆ ಎಲ್ಲದರಲ್ಲೂ ಅವಸರ' ಅಂತ ನಕ್ಕರು. ಫೆಲೋಶಿಪ್ ಹಣವೂ ತಡ. ಆಪ್ತಸಮಾಲೋಚಕರ ಹತ್ತಿರ ಹೋದೆ, 'ನಿಮ್ಮ ಯೋಚನೆಯ ರೀತಿ ನಕಾರಾತ್ಮಕವಾಗಿದೆ, ಬದಲಿಸಿಕೊಳ್ಳಿ' ಅಂದರು. ತಪ್ಪು ನನ್ನ ತಲೆಯಲ್ಲಿದೆಯಾ?

ಉತ್ತರ: ಇಲ್ಲ. ನನ್ನ ವೃತ್ತಿಯವರೊಬ್ಬರು ಹಾಗೆ ಹೇಳಿದ್ದಕ್ಕೆ ನಾನು ನಿಮ್ಮ ಕ್ಷಮೆ ಕೇಳುತ್ತೇನೆ.

ಮೇಲಿನ ತಂಗಿಗೆ ಮೂರು ಕಾಲಂ ಬರೆಯಲು ಹೇಳಿದ್ದೇನೆ. ನಿಮ್ಮ ಘಟನೆಯನ್ನೂ ಅದರಲ್ಲಿ ಬರೆದು ನೋಡಿ. ಕ್ಯಾಮೆರಾ ಕಂಡದ್ದು: ಮೂರು ತಿಂಗಳು, ಹದಿನೈದು ದಿನ, ಆ ಮಾತು, ಆ ನಗು. ಮನಸ್ಸು ಹೇಳಿದ್ದು: ನನಗೆ ಬೇರೆ ತಕ್ಕಡಿ. ಎರಡರ ನಡುವೆ ಅಂತರವೇ ಇಲ್ಲ. ನಿಮ್ಮ ಯೋಚನೆ ಸರಿಯಾಗಿಯೇ ಲೆಕ್ಕ ಹಾಕಿದೆ. ಯೋಚನೆಯನ್ನು ತಿದ್ದುವ ಈ ವಿದ್ಯೆಗೆ ಒಂದು ಅಪಾಯವಿದೆ. ಅಂಗಳದಲ್ಲಿ ಬೆಂಕಿ ಬಿದ್ದಾಗಲೂ 'ನಿನ್ನ ಕಣ್ಣಿನಲ್ಲಿ ದೋಷ' ಅಂದುಬಿಡಬಹುದು. ಈ ನಗರದಲ್ಲಿ ಇದನ್ನು ಮರೆಯಲು ನಮಗೆ ಹಕ್ಕಿಲ್ಲ. ಹಾಸ್ಟೆಲ್ಲಿನಿಂದ ಹೊರಹಾಕಲ್ಪಟ್ಟ ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಬ್ಬರಾದ ರೋಹಿತ್ ವೇಮುಲ 2016ರ ಜನವರಿ 17ರಂದು ತೀರಿಕೊಂಡದ್ದು ಇದೇ ಹೈದರಾಬಾದಿನಲ್ಲಿ. ಅವರ ತಾಯಿ ರಾಧಿಕಾ ವೇಮುಲ, ಮುಂಬಯಿಯಲ್ಲಿ ತೀರಿಕೊಂಡ ಯುವ ವೈದ್ಯೆ ಪಾಯಲ್ ತಡ್ವಿಯ ತಾಯಿ ಅಬೇದಾ ತಡ್ವಿ, ಈ ಇಬ್ಬರು ತಾಯಂದಿರು 2019ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಕ್ಯಾಂಪಸ್ಸಿನ ಜಾತಿ ತಾರತಮ್ಯದ ಪ್ರಶ್ನೆಯನ್ನು ಅವರು ದೇಶದ ಮುಂದಿಟ್ಟರು.

ಆದ್ದರಿಂದ ನಿಮಗೆ ಹೇಳುವುದು ಬೇರೆ. ಎಲ್ಲವನ್ನೂ ತಾರೀಕು ಹಾಕಿ ಬರೆದಿಡಿ. ಅಧ್ಯಾಯವನ್ನು ಮತ್ತೊಮ್ಮೆ ಇ-ಮೇಲ್‌ನಲ್ಲಿ ಕಳಿಸಿ, 'ಇಂಥ ದಿನ ಕೊಟ್ಟಿದ್ದೆ' ಅಂತ ಅದರಲ್ಲೇ ನಮೂದಿಸಿ. ಆಡಿದ ಮಾತನ್ನು, ಯಾರಿದ್ದರು ಎಂಬುದನ್ನು ಅದೇ ದಿನ ಬರೆಯಿರಿ. ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಎಂದು ಯುಜಿಸಿ 2012ರಲ್ಲೇ ನಿಯಮ ಮಾಡಿದೆ. ನಿಮ್ಮಲ್ಲಿ ಯಾರು ಎಂದು ಲಿಖಿತವಾಗಿ ಕೇಳಿ. ಒಬ್ಬರೇ ಹೋಗಬೇಡಿ, ಹಿರಿಯ ಸಂಶೋಧಕರಲ್ಲಿ ಈ ದಾರಿಯಲ್ಲಿ ನಡೆದವರು ಖಂಡಿತ ಇರುತ್ತಾರೆ.

ನನಗೆ ಕಳವಳ ಆದದ್ದು ನಿಮ್ಮ ಪತ್ರದ ಕೊನೆಯ ಸಾಲಿನಿಂದ, 'ತಪ್ಪು ನನ್ನ ತಲೆಯಲ್ಲಿದೆಯಾ'. ಅನ್ಯಾಯ ನಡೆಯುತ್ತಿದೆ ಅನ್ನುವವರೆಗೆ ನಿಮ್ಮ ಮನಸ್ಸು ಸರಿಯಾಗಿಯೇ ಬಂದಿದೆ. 'ಆದ್ದರಿಂದ ನಾನು ಅಯೋಗ್ಯ' ಅನ್ನುವ ಹೆಜ್ಜೆ ಮಾತ್ರ ಸುಳ್ಳು. ಆ ಹೆಜ್ಜೆ ಇಡಿಸುವುದೇ ಅವಮಾನದ ಕೆಲಸ. 'ಕೋಟಾ' ಅನ್ನುವ ಆ ನಗು ಯಾರ ದನಿ ಎಂದು ನಿಮಗೆ ಚೆನ್ನಾಗಿ ಗೊತ್ತು. ಅದನ್ನು ನಿಮ್ಮ ದನಿಯಾಗಲು ಬಿಡಬೇಡಿ. ನಿದ್ದೆ, ಊಟ ಕೆಟ್ಟಿದ್ದರೆ ಬೇರೆ ಆಪ್ತಸಮಾಲೋಚಕರನ್ನು ಹುಡುಕಿ. ಮೊದಲ ಭೇಟಿಯಲ್ಲೇ ಕೇಳಿ, 'ಜಾತಿಯ ಅವಮಾನವನ್ನು ನೀವು ನಿಜ ಅಂತ ಒಪ್ಪುತ್ತೀರಾ?' ಉತ್ತರ ತಡವರಿಸಿದರೆ ಎದ್ದು ಬನ್ನಿ.

ಪ್ರಶ್ನೆ: ಕೌನ್ಸೆಲಿಂಗಿಗೆ ಹೋದರೆ ಮನೆಗೆ ತಿಳಿಸುತ್ತಾರಾ? ಮುಂದೆ ನೌಕರಿಗೆ ತೊಂದರೆ ಆಗುತ್ತದಾ?

ಉತ್ತರ: ಹದಿನೆಂಟು ದಾಟಿದವರ ಮಾತು ಅವರದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ನಿಮ್ಮ ಹಕ್ಕು ಎಂದೇ ಹೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗ, ಕಾನೂನು ಕೇಳಿದಾಗ, ಹೀಗೆ ಕೆಲವೇ ಸಂದರ್ಭದಲ್ಲಿ ಬೇಕಾದಷ್ಟನ್ನು ಮಾತ್ರ ಹೇಳಬಹುದು. ಕಾಲೇಜು ನಿಮ್ಮ ಕಡತವನ್ನು ಕಂಪನಿಗೆ ಕೊಡುವಂತಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಆದೇಶಿಸಿದೆ. ಅದು ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಮಗಳನ್ನು ಕಳೆದುಕೊಂಡ ತಂದೆಯೊಬ್ಬರು ನಡೆಸಿದ ಮೊಕದ್ದಮೆ. ಆದ್ದರಿಂದ ಅಲ್ಲಿಗೆ ಹೋಗಲು ಸಂಕೋಚ ಬೇಡ, ಆ ಕುರ್ಚಿ ನಿಮಗಾಗಿಯೇ ಹಾಕಿರುವುದು.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮದು ಯಾದಗಿರಿ. ಮಗ ಹೈದರಾಬಾದಿನಲ್ಲಿ ಓದುತ್ತಾನೆ. ದಸರೆಗೆ ಬಂದವ ಹಗಲೆಲ್ಲ ಮಲಗಿಯೇ ಇದ್ದ. ಗೆಳೆಯರ ಮನೆಗೆ ಹೋಗಲಿಲ್ಲ, ಇಷ್ಟಪಟ್ಟು ತಿನ್ನುವ ಹೋಳಿಗೆಯನ್ನೂ ಮುಟ್ಟಲಿಲ್ಲ. ಈಗ ಫೋನ್ ಎತ್ತುವುದಿಲ್ಲ, ಎತ್ತಿದರೂ 'ಹ್ಞೂಂ, ಹ್ಞೂಂ' ಅಷ್ಟೆ. ಇವರು ಸೋಮಾರಿತನ ಅನ್ನುತ್ತಾರೆ. ನನಗೆ ಹೊಟ್ಟೆಯಲ್ಲಿ ಸಂಕಟ. ಏನು ಮಾಡಲಿ?

ಉತ್ತರ: ಅಕ್ಕಾ, ನಿಮ್ಮ ಹೊಟ್ಟೆಯ ಸಂಕಟವನ್ನು ನಂಬಿ. ಸೋಮಾರಿಯಾದವನು ಕೆಲಸ ಬಿಡುತ್ತಾನೆ, ಹೋಳಿಗೆ ಬಿಡುವುದಿಲ್ಲ. ಇಷ್ಟವಾದದ್ದೂ ಬೇಡವಾಗುವುದು, ನಿದ್ದೆ, ಹಸಿವು ಏರುಪೇರಾಗುವುದು, ಜನ ಬೇಡವಾಗುವುದು, ಇವು ಎರಡು ವಾರ ದಾಟಿ ಉಳಿದರೆ ನಾವು ಖಿನ್ನತೆಯನ್ನು ಅನುಮಾನಿಸುತ್ತೇವೆ. ಖಿನ್ನತೆ ಕಾಯಿಲೆ. ಮದ್ದಿದೆ, ಮಾತಿನ ಚಿಕಿತ್ಸೆ ಇದೆ. ಥೈರಾಯ್ಡ್ ಕಡಿಮೆಯಾದರೂ, ಬಿ12 ಕಡಿಮೆಯಾದರೂ ಕೆಲವೊಮ್ಮೆ ಹೀಗಾಗುವುದುಂಟು, ವೈದ್ಯರು ರಕ್ತ ಪರೀಕ್ಷೆಗೂ ಹೇಳಬಹುದು. ಮಾತ್ರೆ ಕೊಟ್ಟರೆ ಎರಡು ದಿನದಲ್ಲಿ ಗುಣ ಕಾಣುವುದಿಲ್ಲ, ಕೆಲವು ವಾರ ಬೇಕು. ಗುಣವಾಯಿತೆಂದು ನಡುವೆ ತಾವಾಗಿಯೇ ನಿಲ್ಲಿಸಬಾರದು. ಹೈದರಾಬಾದಿನ ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. 'ಎರ್ರಗಡ್ಡಕ್ಕೆ ಹೋಗು' ಅನ್ನುವುದು ಈ ಊರಿನಲ್ಲಿ ಬೈಗುಳವಾಗಿದೆ, ನಮ್ಮ ಕಡೆ ಧಾರವಾಡದ ಹೆಸರು ಹೇಳುವ ಹಾಗೆ. ಕಿವಿಗೆ ಹಾಕಿಕೊಳ್ಳಬೇಡಿ. ಅಲ್ಲಿನ ಹೊರರೋಗಿ ವಿಭಾಗಕ್ಕೆ ನಿಮ್ಮ ಮಗನಂಥವರು ದಿನವೂ ಬಂದು ತೋರಿಸಿಕೊಂಡು ಹೋಗುತ್ತಾರೆ.

ಫೋನಿನಲ್ಲಿ ಕೇಳಬೇಡಿ, ನೀವೇ ಹೋಗಿ. ಈ ಭಾನುವಾರವೇ. ಮೊದಲೇ ಹೇಳಿದರೆ 'ಬೇಡ' ಅನ್ನುತ್ತಾನೆ. ಎಂಜಿಬಿಎಸ್‌ನಲ್ಲಿ ಬಸ್ ಇಳಿದು ಫೋನ್ ಮಾಡಿ. ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ. ಅವನು ತಿನ್ನದಿದ್ದರೂ ಪರವಾಗಿಲ್ಲ, ಅವನ ಮುಂದೆ ಕೂತು ನೀವು ತಿನ್ನಿ. ಅರ್ಧ ತಾಸು ಓದಿನ ಮಾತು, ಮಾರ್ಕ್ಸಿನ ಮಾತು, ಅಪ್ಪನ ಮಾತು ಬೇಡ. ಆಮೇಲೆ ಹೇಳಿ: 'ದಸರೆಗೆ ನೀನು ಬಂದಾಗಿಂದ ನನಗೆ ನಿದ್ದಿಲ್ಲ. ನಿನಗೇನೋ ಆಗ್ಯದ. ಏನದ ಹೇಳು, ನಾನು ಬೈಯಂಗಿಲ್ಲ.' ಹೇಳಿ ಸುಮ್ಮನೆ ಕೂತುಕೊಳ್ಳಿ. ಆ ಮೌನ ಬಹಳ ಉದ್ದ ಅನ್ನಿಸುತ್ತದೆ, ನೀವು ಅದನ್ನು ತುಂಬಲು ಹೋಗಬೇಡಿ. ಅವನು ಏನೇ ಹೇಳಲಿ, 'ಅದಕ್ಯಾಕ ಇಷ್ಟು ಚಿಂತಿ' ಅನ್ನಬೇಡಿ, 'ನಮ್ಮ ಕಾಲದಾಗ' ಅಂತ ಶುರು ಮಾಡಬೇಡಿ. 'ಹೌದಾ, ಆಮ್ಯಾಲ?' ಅನ್ನಿ ಸಾಕು. ಸಾಯುವ ಮಾತು ಬಂದರೆ, ಇಲ್ಲವೇ ನಿಮಗೆ ಆ ಅನುಮಾನ ಬಂದರೆ, ನೇರವಾಗಿ ಕೇಳಿ. ಹೌದು ಅಂದರೆ ಅವನನ್ನು ಒಬ್ಬನೇ ಬಿಟ್ಟು ಬರಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಾಗಿಲ್ಲದಿದ್ದರೆ ಸೋಮವಾರ ವೈದ್ಯರಿಗೆ ತೋರಿಸಿಕೊಂಡೇ ಹೊರಡಿ, ಒಂದು ರಾತ್ರಿ ಬಂಧುಗಳ ಮನೆಯಲ್ಲಾದರೂ ಉಳಿಯಿರಿ. ಮನೆಯವರಿಗೆ ಈ ಪುಟ ಓದಲು ಕೊಡಿ. ಹಾಸ್ಟೆಲ್ಲಿನಲ್ಲಿ ಅವನ ರೂಮಿನ ಹುಡುಗನ ನಂಬರ್ ಬರೆದುಕೊಳ್ಳಿ, ಅದನ್ನು ಮಗನಿಗೆ ತಿಳಿಸಿಯೇ ಬರೆದುಕೊಳ್ಳಿ. ಮುಂದಿನ ಭಾನುವಾರ ಯಾವ ಬಸ್ಸಿಗೆ ಬರುತ್ತೀರಿ ಎಂದು ಅವನಿಗೆ ಹೇಳಿ ಬನ್ನಿ.